ಮ್ಯಾಪ್ ಶೋಭಾ ಮತ್ತು ಬಾಗಿಲು ಹಾಕದ ಮೆಸ್ಸು

ಕ್ಯಾಲನೂರಿಗೆ ಹೋಗಿ ಶೋಭಾರಾಣಿ ಮನೆ ಯಾವುದು ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ಮ್ಯಾಪ್ ಶೋಭಾ ಎಂದರೆ ಮಾತ್ರ, ಹಾಲಿನ ಡೇರಿ ಪಕ್ಕದ ಸಂದಿಯಲ್ಲಿ ಕೆಂಪು ಸ್ಕೂಟರ್ ನಿಲ್ಲುವ ಮನೆ ಎಂದು ಕೈ ತೋರಿಸುತ್ತಾರೆ. ಹೋಗಿ ಬಾಗಿಲು ತಟ್ಟಿ ಪ್ರಯೋಜನವಿಲ್ಲ, ಅವಳು ಮನೆಯಲ್ಲಿರುವುದಿಲ್ಲ. ಗಂಡ ನರೇಶ ಡೇರಿಯಲ್ಲಿ ಹಾಲು ಅಳೆಸಿಕೊಂಡು ಕ್ಯಾನುಗಳನ್ನು ವ್ಯಾನಿಗೆ ಏರಿಸುವಷ್ಟರಲ್ಲಿ ಅವಳು ಹೆಲ್ಮೆಟ್ ಹಾಕಿಕೊಂಡು ಹೊರಟಾಗಿರುತ್ತದೆ. ಇವತ್ತು ಮಾಲೂರು, ನಾಳೆ ಶ್ರೀನಿವಾಸಪುರ, ನಾಡಿದ್ದು ಮುಳಬಾಗಿಲು, ನಡುನಡುವೆ ಕೋಲಾರ. ಕಾಲಿಗೆ ಚಕ್ರ ಕಟ್ಟಿಕೊಂಡವಳು ಎಂದು ಅತ್ತೆ ಗೊಣಗುತ್ತಾರೆ. ಗೊಣಗುತ್ತಲೇ ಅವಳ ಡಬ್ಬಿಗೆ ಚಿತ್ರಾನ್ನ ತುಂಬುತ್ತಾರೆ.

ಅವಳ ಕೆಲಸವೇನೆಂದು ಹೇಳುವುದು ಸ್ವಲ್ಪ ಕಷ್ಟ. ಮೊದಲು ಕೋಲಾರದ ಒಂದು ಡಿಟಿಪಿ ಅಂಗಡಿಯಲ್ಲಿ ಮದುವೆ ಕಾರ್ಡು, ಫ್ಲೆಕ್ಸ್ ಬೋರ್ಡು ಮಾಡುತ್ತಿದ್ದಳು. ಫ್ಲೆಕ್ಸು ಮಳೆಗಾಲ ದಾಟುವುದಿಲ್ಲ, ಹರಿದ ಮೇಲೆ ಯಾರದೋ ಹಸುವಿನ ಕೊಟ್ಟಿಗೆಗೆ ಮರೆಯಾಗುತ್ತದೆ. ಅದೇ ಹೊತ್ತಿಗೆ ಜನ ಬೋರ್ಡು ನೋಡುವುದನ್ನೇ ಬಿಟ್ಟು ಫೋನು ನೋಡಿಕೊಂಡು ನಡೆಯಲು ಕಲಿತರು. ಹತ್ತಿರದಲ್ಲಿ ಪಂಕ್ಚರ್ ಅಂಗಡಿ ಎಲ್ಲಿದೆ, ಒಳ್ಳೆಯ ಟೈಲರ್ ಯಾರಿದ್ದಾರೆ ಎಂದು ಪಕ್ಕದಲ್ಲೇ ನಿಂತವರನ್ನು ಕೇಳದೆ ಫೋನನ್ನು ಕೇಳುತ್ತಾರೆ. ಫೋನು ಯಾರ ಹೆಸರು ಹೇಳುತ್ತದೋ ಅವರಿಗೆ ವ್ಯಾಪಾರ. ಹೇಳದವರು ನೊಣ ಹೊಡೆಯುತ್ತ ಕೂರಬೇಕು. ಆ ಫೋನಿನ ಬಾಯಲ್ಲಿ ನಿಮ್ಮ ಅಂಗಡಿಯ ಹೆಸರು ಬರುವ ಹಾಗೆ ಮಾಡುವುದು, ಬಂದವರು ಸುಮ್ಮನೆ ನೋಡಿ ಹೋಗದೆ ನಿಮಗೆ ಒಂದು ಕಾಲ್ ಮಾಡುವ ಹಾಗೆ ಮಾಡುವುದು, ಇದು ಶೋಭಾಳ ಕಸುಬು.

ಮಾಲೂರಿನ ಇಟ್ಟಿಗೆ ಗೂಡಿನ ಚಂದ್ರಮೋಹನ್ ಕತೆ ಕೇಳಿದರೆ ಅವಳ ಕೈಚಳಕ ತಿಳಿಯುತ್ತದೆ. ಆತ ಯಾರಿಂದಲೋ ಭರ್ಜರಿ ವೆಬ್‌ಸೈಟ್ ಮಾಡಿಸಿದ್ದ. ತೆರೆದರೆ ಯಾವುದೋ ದೇಶದ ಗಾಜಿನ ಕಟ್ಟಡ, ಕೋಟು ಹಾಕಿಕೊಂಡು ಕೈಕುಲುಕುವ ಬಿಳಿಯರು. ಕೆಳಗೆ ಹೆಸರು, ಇಮೇಲ್, ನಿಮ್ಮ ಅಗತ್ಯವನ್ನು ವಿವರಿಸಿ ಎಂಬ ಖಾನೆಗಳು. ಮನೆ ಕಟ್ಟಿಸುವ ಗೌಡರು ಕೂತು ಅಗತ್ಯ ವಿವರಿಸುತ್ತಾರೆಯೇ? ವರ್ಷವಾದರೂ ಒಬ್ಬನೂ ತುಂಬಿರಲಿಲ್ಲ. ಶೋಭಾ ಬಿಳಿಯರನ್ನೆಲ್ಲ ಕಳಿಸಿಕೊಟ್ಟು, ಸುಟ್ಟ ಇಟ್ಟಿಗೆಯ ರಾಶಿಯ ಮುಂದೆ ಪಂಚೆ ಎತ್ತಿ ಕಟ್ಟಿ ನಿಂತ ಚಂದ್ರಮೋಹನನ ಫೋಟೊ ಹಾಕಿದಳು. ಖಾನೆಗಳನ್ನು ಕಿತ್ತು ಒಂದೇ ಒಂದು ಹಸಿರು ಗುಂಡಿ ಇಟ್ಟಳು, ಒತ್ತಿದರೆ ನೇರ ಅವನ ಫೋನಿಗೆ. ಜನ ಒತ್ತಿದರು. ನೀವು ಯಾರ ಮಗ, ನಿಮ್ಮ ಗೂಡು ಯಾವ ಕೆರೆ ಪಕ್ಕ ಎಂದು ವಿಚಾರಿಸಿಕೊಂಡು ಲೋಡು ಹೇಳಿದರು. ನಮ್ಮ ಕಡೆಯವರಿಗೆ ಇಟ್ಟಿಗೆಗಿಂತ ಮೊದಲು ಮನುಷ್ಯ ಯಾರೆಂದು ಗೊತ್ತಾಗಬೇಕು, ಅದು ಶೋಭಾಳಿಗೆ ಗೊತ್ತಿತ್ತು.

ಇಷ್ಟೆಲ್ಲ ಜಾಣೆಯಾದ ಅವಳು ಒಂದು ಕಡೆ ಮಾತ್ರ ತಪ್ಪುತ್ತಿದ್ದಳು. ಅಂಗಡಿಯನ್ನು ಫೋನಿನ ಮ್ಯಾಪಿಗೆ ಸೇರಿಸುವಾಗ ಎಷ್ಟು ಹೊತ್ತಿಗೆ ತೆರೆಯುತ್ತೀರಿ, ಎಷ್ಟು ಹೊತ್ತಿಗೆ ಮುಚ್ಚುತ್ತೀರಿ ಎಂದು ಫೋನು ಕೇಳುತ್ತದೆ. ತೆರೆಯುವ ಹೊತ್ತನ್ನು ಎಲ್ಲರೂ ಖುಷಿಯಿಂದ ಹೇಳುತ್ತಾರೆ. ಎರಡನೆಯದನ್ನು ಕೇಳಿದರೆ ಅಂಗಡಿಯವರ ಮುಖ ಬಾಡುತ್ತದೆ. ಹೊರಡುವಾಗ ಹೋಗಿ ಬರ್ತೀನಿ ಎನ್ನುವ, ದೀಪ ಆರಿಸು ಎನ್ನದೆ ಶಾಂತ ಮಾಡು ಎನ್ನುವ ಜನ, ಹೊಟ್ಟೆ ಹೊರೆಯುವ ಅಂಗಡಿಯ ಹೆಸರಿನ ಕೆಳಗೆ ಮುಚ್ಚಿದೆ ಎಂದು ಕೆಂಪಕ್ಷರದಲ್ಲಿ ಬರೆಸಿಕೊಳ್ಳುತ್ತಾರೆಯೇ? ಶೋಭಾಳೂ ಅಂಥದ್ದೇ ಮನೆಯಲ್ಲಿ ಬೆಳೆದವಳು. ಅವಳ ಬೆರಳೇ ಆ ಪದದ ಹತ್ತಿರ ಹೋಗುತ್ತಿರಲಿಲ್ಲ. ಇಪ್ಪತ್ತನಾಲ್ಕು ಗಂಟೆಯೂ ತೆರೆದಿದೆ ಎಂಬ ಗುಂಡಿ ಒತ್ತಿ ಕೈ ತೊಳೆದುಕೊಳ್ಳುತ್ತಿದ್ದಳು. ಹೀಗಾಗಿ ಅವಳು ಸೇರಿಸಿದ ಕ್ಷೌರದಂಗಡಿ, ಹಿಟ್ಟಿನ ಗಿರಣಿ, ಬಳೆ ಅಂಗಡಿ ಎಲ್ಲವೂ ಫೋನಿನಲ್ಲಿ ಹಗಲೂ ರಾತ್ರಿ ದುಡಿಯುತ್ತಿದ್ದವು. ತೊಂದರೆಯೇನೂ ಆಗಿರಲಿಲ್ಲ, ಏಕೆಂದರೆ ಮಂಗಳವಾರ ಕ್ಷೌರವಿಲ್ಲ ಎಂಬುದನ್ನು ಊರಿನವರಿಗೆ ಫೋನು ಹೇಳಬೇಕಾಗಿರಲಿಲ್ಲ.

ತೊಂದರೆ ಆದದ್ದು ನಂಗಲಿಯಲ್ಲಿ, ಮುನಿಯಲ್ಲಮ್ಮನ ಮೆಸ್ಸಿನಲ್ಲಿ.

ನಂಗಲಿ ಎಂದರೆ ಆಂಧ್ರದ ಗಡಿ, ಗಡಿ ಎಂದರೆ ಲಾರಿ. ಗಂಡ ಹೋದ ಮೇಲೆ ಮುನಿಯಲ್ಲಮ್ಮ ಹೆದ್ದಾರಿಯ ಅಂಚಿನಲ್ಲಿ ಒಂದು ಶೀಟಿನ ಮನೆಯಲ್ಲಿ ಮುದ್ದೆ, ಬಸ್ಸಾರು, ವಾರಕ್ಕೆರಡು ಸಲ ನಾಟಿಕೋಳಿ ಸಾರು ಮಾಡಿ ಲಾರಿಯವರಿಗೆ ಬಡಿಸುತ್ತ ಬಂದವಳು. ಬಾಯಿ ಜೋರು, ಕೈ ಧಾರಾಳ. ಡ್ರೈವರುಗಳನ್ನು ಬೈದೇ ಉಣ್ಣಿಸುತ್ತಿದ್ದಳು, ಅವರು ಬೈಸಿಕೊಳ್ಳಲೆಂದೇ ಬರುತ್ತಿದ್ದರು. ನಾನು ಇರೋವರ್ಗೂ ಈ ಬಾಗ್ಲು ಹಾಕಲ್ಲ ಎಂಬುದು ಅವಳ ಮಾತು, ದಿನಕ್ಕೊಂದು ಸಲವಾದರೂ ಯಾರ ಮುಂದಾದರೂ ಹೇಳುತ್ತಿದ್ದಳು. ಹಾಗೆಂದು ಮನುಷ್ಯಳು ಮಲಗದೆ ಇರಲಾಗುತ್ತದೆಯೇ? ರಾತ್ರಿ ಬಾಗಿಲು ತೆರೆದಿಟ್ಟೇ ಒಲೆ ಪಕ್ಕ ತೂಕಡಿಸುತ್ತಿದ್ದಳು. ಮಧ್ಯಾಹ್ನದ ಊಟ ಮುಗಿದ ಮೇಲೆ ಮಾತ್ರ ಬಾಗಿಲನ್ನು ಅಗುಳಿ ಹಾಕದೆ ಮುಂದಕ್ಕೆ ಮಾಡಿ ಎರಡು ಗಂಟೆ ಚಾಪೆ ಮೇಲೆ ಬೀಳುತ್ತಿದ್ದಳು. ಹಳಬರು ಬಂದರೆ ಕಿಟಕಿ ತಟ್ಟುತ್ತಿದ್ದರು, ಅವಳು ಬೈಯುತ್ತ ಎದ್ದು ಒಲೆ ಹಚ್ಚುತ್ತಿದ್ದಳು.

ಹೀಗಿರುವಾಗ ಹೆದ್ದಾರಿಯ ಅಂಚಿಗೆ ಉದ್ದಕ್ಕೂ ಕಬ್ಬಿಣದ ತಡೆಗೋಡೆ ಬಂತು. ಮೆಸ್ಸಿನ ಮುಂದೆ ಲಾರಿ ನಿಲ್ಲಿಸುವಂತಿಲ್ಲ. ಸ್ವಲ್ಪ ಹಿಂದೆಯೇ ಸರ್ವಿಸ್ ರಸ್ತೆಗೆ ಇಳಿದು ಬರಬೇಕು. ಇಳಿಯಬೇಕಾದರೆ ಅಲ್ಲೊಂದು ಮೆಸ್ಸಿದೆ ಎಂದು ಮೊದಲೇ ಗೊತ್ತಿರಬೇಕು. ಹಳಬರಲ್ಲಿ ಅರ್ಧ ಜನ ಸ್ಟೇರಿಂಗು ಬಿಟ್ಟು ಮನೆ ಸೇರಿದ್ದರು, ಹೊಸಬರು ಭರ್ರೆಂದು ದಾಟಿ ಹೋಗುತ್ತಿದ್ದರು. ಮುನಿಯಲ್ಲಮ್ಮ ಕಲಸಿದ ಮುದ್ದೆ ಮಿಕ್ಕು ಪಕ್ಕದ ಮನೆಯ ಎಮ್ಮೆ ಕೊಬ್ಬತೊಡಗಿತು. ಹೀಗೇ ಆದರೆ ಯುಗಾದಿಯವರೆಗೆ ನಡೆಸುವುದೂ ಕಷ್ಟ ಎಂದು ಅವಳಿಗೇ ಅನ್ನಿಸಿತ್ತು, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ. ಆಗ ಯಾರೋ ಮ್ಯಾಪ್ ಶೋಭಾಳ ನಂಬರು ಕೊಟ್ಟರು.

ಶೋಭಾ ಬಂದವಳು ಸಾರಿನ ಫೋಟೊ ತೆಗೆಯಲಿಲ್ಲ. ಮೊದಲು ಹಿತ್ತಲಿಗೆ ಹೋಗಿ ಹುಣಸೆಮರದ ಕೆಳಗಿನ ಬಯಲಿನ ಫೋಟೊ ತೆಗೆದಳು, ಆಮೇಲೆ ನೀರಿನ ತೊಟ್ಟಿಯದು. ಲಾರಿಯವನಿಗೆ ಮೊದಲು ಬೇಕಾದದ್ದು ಗಾಡಿ ತಿರುಗಿಸಲು ಜಾಗ, ಎರಡನೆಯದು ಮೈಗೆ ನಾಲ್ಕು ಚೆಂಬು ನೀರು, ಊಟ ಮೂರನೆಯದು ಎಂದು ಅವಳ ಲೆಕ್ಕ. ಆಂಧ್ರದವರು ಮುದ್ದೆ ಎಂದು ಹುಡುಕುವುದಿಲ್ಲ, ಸಂಗಟಿ ಎಂದು ಹುಡುಕುತ್ತಾರೆ. ಅದನ್ನು ತೆಲುಗಿನಲ್ಲೇ ಬರೆದಳು. ಸರ್ವಿಸ್ ರಸ್ತೆಗೆ ಎಲ್ಲಿ ಇಳಿಯಬೇಕೆಂದು ಗುರುತು ಹಾಕಿದಳು. ಹೊತ್ತಿನ ಪ್ರಶ್ನೆ ಬಂದಾಗ ಇಬ್ಬರೂ ಮುಖ ಮುಖ ನೋಡಿಕೊಂಡರು, ಶೋಭಾ ಸದ್ದಿಲ್ಲದೆ ಇಪ್ಪತ್ತನಾಲ್ಕು ಗಂಟೆಯ ಗುಂಡಿ ಒತ್ತಿದಳು.

ತಿಂಗಳು ಕಳೆಯುವಷ್ಟರಲ್ಲಿ ಹುಣಸೆಮರದ ಕೆಳಗೆ ಲಾರಿಗಳು ಸಾಲುಗಟ್ಟಿದವು. ಮುನಿಯಲ್ಲಮ್ಮ ಶೋಭಾಳನ್ನು ಪಾಪ ಎಂದು ಕರೆಯತೊಡಗಿದಳು, ನಮ್ಮ ಕಡೆ ಅದು ಮನೆಮಗಳನ್ನು ಕರೆಯುವ ಮಾತು. ಅವಳು ಬಂದ ದಿನ ಮುದ್ದೆಯ ಮೇಲೆ ತುಪ್ಪ ಬೀಳುತ್ತಿತ್ತು. ಶೋಭಾಳಿಗೂ ಈ ಮೆಸ್ಸಿನ ಮೇಲೆ ಬೇರೆ ಯಾವ ಅಂಗಡಿಯ ಮೇಲೂ ಇಲ್ಲದಷ್ಟು ಜೀವ.

ಆದರೆ ಹೊಸಬರಿಗೆ ಕಿಟಕಿ ತಟ್ಟುವ ಸಂಗತಿ ತಿಳಿಯದು. ಫೋನು ತೆರೆದಿದೆ ಎಂದಿದ್ದಕ್ಕೆ ಹದಿನಾರು ಚಕ್ರದ ಗಾಡಿಯನ್ನು ಕಷ್ಟಪಟ್ಟು ಸರ್ವಿಸ್ ರಸ್ತೆಗೆ ಇಳಿಸಿ ಬಂದರೆ ಬಾಗಿಲು ಮುಂದಾಗಿದೆ, ಒಳಗೆ ಸದ್ದಿಲ್ಲ. ಅವರು ಹೊಟ್ಟೆ ಹಸಿದ ಸಿಟ್ಟಿನಲ್ಲಿ ಮ್ಯಾಪಿನಲ್ಲಿ ಐದಕ್ಕೆ ಒಂದೇ ನಕ್ಷತ್ರ ಕೊಟ್ಟು ಹೋದರು. ಒಬ್ಬ ಸುಳ್ಳು ಅಡ್ರೆಸ್ ಎಂದು ಬರೆದ, ಇನ್ನೊಬ್ಬ ಮೋಸ ಎಂದ. ಶೋಭಾ ಅದನ್ನು ನೋಡಿ, ಮಲಗುವ ಹೊತ್ತನ್ನು ಮ್ಯಾಪಿನಲ್ಲಿ ಹಾಕಿಬಿಡೋಣ ಎಂದು ಅಳುಕುತ್ತಲೇ ಕೇಳಿದಳು. ಹಾಕಿದರೆ ಏನೆಂದು ಕಾಣುತ್ತದೆ ಎಂದು ಮುನಿಯಲ್ಲಮ್ಮ ಕೇಳಿದಳು. ಆ ಎರಡು ಗಂಟೆ ಮುಚ್ಚಿದೆ ಎಂದು ಕಾಣುತ್ತದೆ ಎಂದಳು ಶೋಭಾ. ಮುನಿಯಲ್ಲಮ್ಮ ಸೌಟನ್ನು ಪಾತ್ರೆಯಲ್ಲಿ ಬಿಟ್ಟು, ಆ ಮಾತು ಈ ಮನೆಗೆ ಬೇಡ ಎಂದಳು. ನಿಜ ಹೇಳಬೇಕೆಂದರೆ ಶೋಭಾಳಿಗೆ ಒಳಗೊಳಗೇ ನಿರಾಳವಾಯಿತು. ತನ್ನ ಕೈಯಿಂದ ಅದಾಗುವುದು ತಪ್ಪಿತಲ್ಲ ಎಂದು ಸ್ಕೂಟರ್ ಹತ್ತಿದಳು.

ಮಾವಿನ ಕಾಲ ಬಂತು. ಅವಳು ಶ್ರೀನಿವಾಸಪುರದ ಮಂಡಿಯಲ್ಲಿ ಬಾದಾಮಿ ಮಾವಿನ ರಾಶಿಯ ಫೋಟೊ ತೆಗೆಯುತ್ತಿದ್ದಾಗ, ರೂಢಿಯಂತೆ ತನ್ನ ಅಂಗಡಿಗಳನ್ನೆಲ್ಲ ಒಂದು ಸಲ ಫೋನಿನಲ್ಲಿ ತಿರುವಿ ಹಾಕಿದಳು. ನಂಗಲಿಯ ಸರದಿ ಬಂತು. ಮುನಿಯಲ್ಲಮ್ಮ ಮೆಸ್ ಎಂಬ ಹೆಸರಿನ ಕೆಳಗೆ ಕೆಂಪಕ್ಷರದಲ್ಲಿ, ಶಾಶ್ವತವಾಗಿ ಮುಚ್ಚಲಾಗಿದೆ ಎಂದಿತ್ತು.

ಬಂದು ಬಾಗಿಲು ನೋಡಿ ಹೋದವರಲ್ಲಿ ಹಲವರು, ಈ ಜಾಗ ಈಗಿಲ್ಲ ಎಂದು ಫೋನಿಗೆ ದೂರು ಒತ್ತಿದ್ದರು. ಫೋನಿಗೇನು ಗೊತ್ತು, ನಾಲ್ಕಾರು ಜನ ಹೇಳಿದ್ದನ್ನು ನಂಬಿತು. ಎರಡು ಗಂಟೆಯ ಮಟ್ಟಿಗೆ ಬೇಡವೆಂದ ಮಾತು ಈಗ ಶಾಶ್ವತವಾಗಿ ಬಂದು ಕೂತಿತ್ತು. ಶೋಭಾ ಡಬ್ಬಿಯ ಚಿತ್ರಾನ್ನವನ್ನೂ ಮುಟ್ಟದೆ ಮುಳಬಾಗಿಲು ಹಾದು ನಂಗಲಿಗೆ ಓಡಿದಳು. ದಾರಿಯುದ್ದಕ್ಕೂ ಹೇಗೆ ಹೇಳುವುದೆಂದು ಯೋಚಿಸಿದಳು. ತಲುಪಿದಾಗ ಹುಣಸೆಮರದ ಕೆಳಗೆ ಒಂದು ಲಾರಿಯೂ ಇರಲಿಲ್ಲ, ಮುನಿಯಲ್ಲಮ್ಮ ಬಾಗಿಲಲ್ಲೇ ಕೂತು ರಸ್ತೆ ನೋಡುತ್ತಿದ್ದಳು. ನಾಲ್ಕು ದಿನದಿಂದ ಯಾಕೋ ಯಾರೂ ಬರ್ತಿಲ್ಲ ಎಂದಳು.

ಶೋಭಾ ಫೋನನ್ನು ಮುಂದೆ ಹಿಡಿದಳು. ಮುನಿಯಲ್ಲಮ್ಮನಿಗೆ ಕೂಡಿಸಿ ಓದುವಷ್ಟು ಅಕ್ಷರ ಬರುತ್ತಿತ್ತು. ತುಟಿ ಅಲ್ಲಾಡಿಸುತ್ತ ಕೊನೆಯವರೆಗೂ ಓದಿ, ಸೆರಗಿನಿಂದ ಮುಖ ಒರೆಸಿಕೊಂಡಳು.

"ಯಾವ್ ಮಾತು ಬ್ಯಾಡ ಅಂದ್ನೋ ಅದನ್ನೇ ಬರೆಸಿದ್ಯಲ್ಲ ಪಾಪ," ಎಂದಳು. "ತೆಗ್ದು ಹಾಕು. ಫೋನಲ್ಲಿ ನನ್ ಹೆಸ್ರೇ ಇರೋದ್ ಬ್ಯಾಡ."

ಬೈದಿದ್ದರೆ ಶೋಭಾ ತಡೆದುಕೊಳ್ಳುತ್ತಿದ್ದಳು. ಇಷ್ಟು ಮೆಲ್ಲಗೆ ಹೇಳಿದ್ದು ಅವಳ ಕಣ್ಣಲ್ಲಿ ನೀರು ತರಿಸಿತು. ಹೆಸರು ತೆಗೆದರೆ ತಡೆಗೋಡೆಯಾಚೆ ಹೋಗುವ ಲಾರಿಗಳಿಗೆ ಈ ಮೆಸ್ಸು ಇಲ್ಲವೇ ಇಲ್ಲ, ಆಮೇಲೆ ಒಲೆ ತಾನಾಗಿ ತಣ್ಣಗಾಗುತ್ತದೆ. ಅದನ್ನೆಲ್ಲ ಬಿಡಿಸಿ ಹೇಳಿ, ಒಂದೇ ಒಂದು ವಿಡಿಯೊ ತೆಗೆಯಲು ಬಿಡಿ, ಸರಿಹೋಗದಿದ್ದರೆ ನಾನೇ ತೆಗೆದು ಹಾಕುತ್ತೇನೆ ಎಂದು ಕೈ ಹಿಡಿದು ಬೇಡಿದಳು. ಮೆಸ್ಸು ನಡೆಯುತ್ತಿದೆ ಎಂಬುದಕ್ಕೆ ರಸ್ತೆಯಿಂದ ಹಿಡಿದು ಒಲೆಯವರೆಗೆ ಎಲ್ಲೂ ತುಂಡಾಗದ ಒಂದು ವಿಡಿಯೊವನ್ನು ಮ್ಯಾಪಿನ ಕಂಪನಿಗೆ ಕಳಿಸಬೇಕಿತ್ತು. ಮುನಿಯಲ್ಲಮ್ಮ ಎದ್ದು ಒಳಗೆ ಹೋದಳು.

ಮರುದಿನ ಶೋಭಾ ಬಂದಾಗ ಮುನಿಯಲ್ಲಮ್ಮ ತನ್ನ ಮಗಳ ಮದುವೆಗೆಂದು ಕೊಂಡಿದ್ದ ರೇಷ್ಮೆ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿ, ಒಲೆ ಮುಂದೆ ಬಿಗಿಯಾಗಿ ನಿಂತಿದ್ದಳು. ನಾನು ಬದ್ಕಿದೀನಿ ಅನ್ನೋಕೂ ಸರ್ಟಿಫಿಕೇಟು ಬೇಕಾಯ್ತಲ್ಲ ಎಂದು ಗೊಣಗುತ್ತಿದ್ದಳು. ಗೊಣಗು ಕೇಳಿ ಶೋಭಾಳಿಗೆ ಹೋದ ಜೀವ ಬಂದಂತಾಯಿತು. ರಸ್ತೆಯಲ್ಲಿ ನಿಂತು ವಿಡಿಯೊ ಶುರು ಮಾಡಿ, ಮೈಲಿಗಲ್ಲು ತೋರಿಸಿ, ಬೋರ್ಡು ತೋರಿಸಿ, ಮೆಲ್ಲಗೆ ಒಳಗೆ ನಡೆದಳು. ಮುನಿಯಲ್ಲಮ್ಮ ಮುದ್ದೆ ಕೋಲು ಹಿಡಿದು ತೊಳಸತೊಡಗಿದ್ದಳು. ಆಗಲೇ ಹಿಂದಿನಿಂದ ಯಾರೋ ಬಾಗಿಲಿಗೆ ಬಂದು ನಿಂತ ನೆರಳು ಬಿತ್ತು.

ಬಂದವನು ಕದಿರೇಶ, ಕೋಲಾರದ ಮಾರುಕಟ್ಟೆಯಿಂದ ಟೊಮೆಟೊ ಹೊತ್ತು ಗಡಿಯಾಚೆ ಹೋಗುವ ಹಳೆಯ ಡ್ರೈವರು. ಚಪ್ಪಲಿಯನ್ನು ಹೊರಗೇ ಬಿಟ್ಟಿದ್ದ. ಎರಡೂ ಕೈಯಲ್ಲಿ ಮಾರುದ್ದದ ಸೇವಂತಿಗೆ ಹಾರ. ಒಲೆ ಮುಂದೆ ರೇಷ್ಮೆ ಸೀರೆಯಲ್ಲಿ ಬೆವರುತ್ತ ನಿಂತ ಮುನಿಯಲ್ಲಮ್ಮನನ್ನು ಕಂಡು ಅವನ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು. ಮುನಿಯಲ್ಲಮ್ಮ ಹಾರವನ್ನು ನೋಡಿದಳು, ಅವನ ಮುಖ ನೋಡಿದಳು, ಹಾರ ಯಾರಿಗ್ಲಾ ಎಂದು ಕೇಳಿದಳು.

ಅವನು ತಡವರಿಸಿದ. "ನಾನಿರೋವರ್ಗೂ ಬಾಗ್ಲು ಹಾಕಲ್ಲ ಅಂತಿದ್ದೆ ಅಲ್ವಾಮ್ಮ ನೀನು. ಶಾಶ್ವತವಾಗಿ ಅಂತ ಫೋನಲ್ಲಿ ನೋಡ್ದ್ ಮೇಲೆ ನಾವೆಲ್ಲ ಇನ್ನೇನ್ ಅಂದ್ಕೊಳ್ಳೋದು."

ಆ ನಾಲ್ಕು ದಿನವೂ ಸುದ್ದಿ ಲಾರಿಯಿಂದ ಲಾರಿಗೆ ದಾಟಿ ಆಂಧ್ರದ ಪಲಮನೇರಿನವರೆಗೂ ಹೋಗಿತ್ತು. ಒಬ್ಬರೂ ಇಳಿದು ನೋಡುವ ಧೈರ್ಯ ಮಾಡಿರಲಿಲ್ಲ, ಖಾಲಿ ಒಲೆ ನೋಡುವುದು ಯಾರಿಗೂ ಬೇಕಿರಲಿಲ್ಲ. ಫೋಟೊ ಇಟ್ಟಿದ್ದರೆ ಹಾರ ಹಾಕಿ ಬಾ ಎಂದು ಎಲ್ಲರೂ ಸೇರಿ ಕದಿರೇಶನನ್ನು ಕಳಿಸಿದ್ದರು. ಮುನಿಯಲ್ಲಮ್ಮ ಮೊದಲು ನಕ್ಕಳು, ಮುದ್ದೆ ಕೋಲು ಅಲುಗುವಷ್ಟು ನಕ್ಕಳು. ನಗುತ್ತ ನಗುತ್ತಲೇ ಅಳು ಬಂತು, ಅದನ್ನು ಮುಚ್ಚಿಡಲೂ ಇಲ್ಲ. ತಾನು ಇಲ್ಲವಾದರೆ ಅಳುವವರು ಈ ರಸ್ತೆಯಲ್ಲಿ ಇಷ್ಟು ಜನ ಇದ್ದಾರೆಂದು ಅವಳಿಗೆ ಗೊತ್ತಿರಲಿಲ್ಲ. ಶೋಭಾಳ ಕೈಯಲ್ಲಿ ಫೋನು ಇನ್ನೂ ಓಡುತ್ತಲೇ ಇತ್ತು. ಹಾರ, ಅಳು, ಮುದ್ದೆ ಎಲ್ಲ ಸೇರಿದ ಆ ವಿಡಿಯೊವನ್ನೇ ಅವಳು ಕಳಿಸಿದಳು, ಇದಕ್ಕಿಂತ ಗಟ್ಟಿ ಸಾಕ್ಷಿ ಬೇರೇನಿದೆ ಎಂದು. ಕದಿರೇಶ ಎರಡು ಮುದ್ದೆ ಉಂಡು, ಬೈಸಿಕೊಂಡು, ಹಾರವನ್ನು ಬಾಗಿಲಿಗೇ ತೋರಣದಂತೆ ಕಟ್ಟಿ ಹೋದ.

ವಾರದೊಳಗೆ ಮೆಸ್ಸು ಫೋನಿನಲ್ಲಿ ಮತ್ತೆ ಜೀವ ಪಡೆಯಿತು. ತೋರಿಸಲು ಓಡಿ ಬಂದ ಶೋಭಾಳನ್ನು ಮುನಿಯಲ್ಲಮ್ಮ ಪಕ್ಕದಲ್ಲಿ ಕೂರಿಸಿಕೊಂಡು, ನಾನು ಮಲಗೋ ಹೊತ್ತನ್ನ ಹಾಕು ಎಂದಳು. ಮಲಗಿ ಏಳುತ್ತಾಳೆ ಎಂದು ಗೊತ್ತಿದ್ದರೆ ಬದುಕಿದ್ದಾಳೆ ಎಂದು ನಂಬುತ್ತಾರೆ, ಇಲ್ಲದಿದ್ದರೆ ಇನ್ನೊಂದು ಹಾರ ಬರುತ್ತದೆ ಎಂದು ಅವಳ ವಾದ. ಶೋಭಾ ಹೊತ್ತು ತುಂಬಿದಳು. ಕೊನೆಯ ಗುಂಡಿಯ ಹತ್ತಿರ ಬಂದಾಗ ಬೆರಳು ನಿಂತುಬಿಟ್ಟಿತು. ಒತ್ತಿದರೆ ಆ ಮಾತು ಬರುತ್ತದೆ, ಒತ್ತಿದ ಕೈ ತನ್ನದಾಗುತ್ತದೆ. ಶೋಭಾ ಗಂಡ ಇರುವ ಮುತ್ತೈದೆ, ಅವಳ ಹಿಂಜರಿಕೆ ಮುನಿಯಲ್ಲಮ್ಮನಿಗೆ ಅರ್ಥವಾಯಿತು.

"ನೀನ್ ಒತ್ಬ್ಯಾಡ ಪಾಪ, ನಿನ್ ಕೈಗ್ ಬ್ಯಾಡ ಇದು," ಎಂದು ಫೋನನ್ನು ತನ್ನತ್ತ ಎಳೆದುಕೊಂಡಳು. "ನನ್ನದನ್ನ ನಾನೇ ಒತ್ತುತೀನಿ." ಹಿಟ್ಟು ಮೆತ್ತಿದ ಹೆಬ್ಬೆರಳನ್ನು ಸೀರೆಗೆ ಒರೆಸಿಕೊಂಡು, ಒಂದು ಸಲ ಕಣ್ಣು ಮುಚ್ಚಿ ತೆರೆದು, ಒತ್ತಿದಳು.

ಅಂದೇ ಮಧ್ಯಾಹ್ನ ಊಟದವರು ಹೋದ ಮೇಲೆ ಮುನಿಯಲ್ಲಮ್ಮ ಬಾಗಿಲು ಮುಂದೆ ಮಾಡಿ ಮಲಗಿದಳು. ಹೊರಗೆ ಬೆಂಚಿನ ಮೇಲೆ ಶೋಭಾ ಫೋನು ಹಿಡಿದು ಕೂತಿದ್ದಳು, ಅದರಲ್ಲಿ ಕೆಂಪು ಮಾತು ಬಂದಾಗಿತ್ತು. ಒಂದು ಲಾರಿ ಸರ್ವಿಸ್ ರಸ್ತೆಗೆ ಇಳಿದು ಹುಣಸೆಮರದ ಕೆಳಗೆ ಬಂದು ನಿಂತಿತು. ಆಂಧ್ರದ ಗಾಡಿ, ಎಂದೂ ಕಾಣದ ಮುಖ. ಡ್ರೈವರು ಇಳಿದು ಬಾಗಿಲು ನೋಡಿದ, ಫೋನು ನೋಡಿದ. ಇನ್ನೇನು ತಿರುಗಿ ಹೋಗುತ್ತಾನೆ ಎಂದು ಶೋಭಾ ಗಾಬರಿಯಿಂದ ಎದ್ದು, ಒಂದು ನಿಮಿಷ, ಏಳಿಸ್ತೀನಿ ಎಂದು ಬಾಗಿಲಿಗೆ ಕೈ ಹಾಕಿದಳು. ಅವನು ಬೇಡವೆಂದು ಕೈ ಅಲ್ಲಾಡಿಸಿದ. ನಾಲ್ಕು ಗಂಟೆಗೆ ತೆರೆಯುತ್ತಾರೆ ಎಂದು ಇದರಲ್ಲೇ ಇದೆಯಲ್ಲ, ಆ ತಾಯಿ ಮಲಗಲಿ, ನಾನೂ ರಾತ್ರಿಯೆಲ್ಲ ಓಡಿಸಿದ್ದೀನಿ ಎಂದು ತೆಲುಗಿನಲ್ಲಿ ಹೇಳಿ, ತೊಟ್ಟಿಯಲ್ಲಿ ಮುಖ ತೊಳೆದುಕೊಂಡು, ಮರದ ಕೆಳಗೆ ಟವೆಲ್ ಹಾಸಿ ಮಲಗಿಯೇ ಬಿಟ್ಟ.

ಶೋಭಾ ಫೋನನ್ನು ಬ್ಯಾಗಿಗೆ ಹಾಕಿ ಬೆಂಚಿನ ಮೇಲೆ ಕೂತಳು. ನಾಲ್ಕಕ್ಕೆ ಸ್ವಲ್ಪ ಮುಂಚೆ ಸದ್ದಾಗದಂತೆ ಒಳಗೆ ಹೋಗಿ ಮುದ್ದೆಗೆ ಎಸರಿಟ್ಟಳು.